ಟೀಚರಮ್ಮನವರ ಪರೀಕ್ಷೆ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಪರೀಕ್ಷಾಫಲವನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆ. ಈ ಸಲ ಬೇರೊಂದು ಪರೀಕ್ಷೆಯ ಸಂಗತಿಯನ್ನು ಅರಿಕೆ ಮಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ನಮ್ಮಲ್ಲಿ ಬಹುಕಾಲ ಗಣಿತವನ್ನು ಬೋಧಿಸಿ ನಿವೃತ್ತರಾದ ಟೀಚರಮ್ಮನವರನ್ನು ತಾವು ಅನೇಕರು ಬಲ್ಲಿರಿ. ಶೇಕಡಾ ಲೆಕ್ಕವನ್ನು ನನಗೆ ಕಲಿಸಿದವರು ಅವರೇ. ಅವರ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು.

ಕಳೆದ ವರ್ಷ ಅವರಿಗೆ ಬಲಭುಜದಲ್ಲಿ ನೋವು ಕಾಣಿಸಿಕೊಂಡು, ರಾತ್ರಿಯಾದರೆ ನಿದ್ರೆ ಬಾರದಂತಾಯಿತು. ಅದು ವಯಸ್ಸಿನ ವಾತವೆಂದೂ, ಎಣ್ಣೆ ತಿಕ್ಕಿಸಿಕೊಂಡರೆ ಸಾಕೆಂದೂ ಹೇಳಿದವಳು ನಾನೇ. ಹೀಗೆ ನಾಲ್ಕು ತಿಂಗಳು ಕಳೆದವು. ಕಿರುಬೆರಳಿಗೆ ಜೋಮು ಹಿಡಿದು, ಸೂಜಿಗೆ ದಾರ ಪೋಣಿಸಲು ಆಗದೆ ಹೋದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆನು. ಶ್ವಾಸಕೋಶದ ಮೇಲ್ತುದಿಯಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದು, ತೋಳಿಗೆ ಇಳಿಯುವ ನರಗಳನ್ನು ಒತ್ತುತ್ತಿತ್ತು. ತಂಬಾಕನ್ನು ಮುಟ್ಟದವರಿಗೆ ಇದು ಹೇಗೆ ಬಂತೆಂದು ನಾನು ಕೇಳಲು, ಧೂಮಪಾನವು ಇದಕ್ಕೆ ಮುಖ್ಯ ಕಾರಣವಾದರೂ ಎಂದೂ ಸೇದದ ಹೆಂಗಸರಿಗೂ ಬರುವುದುಂಟೆಂದು ವೈದ್ಯರು ತಿಳಿಸಿದರು.

ಕೀಮೋಥೆರಪಿಯೆಂಬ ಔಷಧೋಪಚಾರವು ಮೂರು ವಾರಗಳಿಗೊಮ್ಮೆ ಆರಂಭವಾಯಿತು. ವಾಂತಿ, ಬಳಲಿಕೆ, ಕೂದಲುದುರುವಿಕೆ ಎಲ್ಲವನ್ನೂ ಅವರು ಸಹಿಸಿದರು. ಎರಡು ಸರದಿಗಳಾದ ಮೇಲೆ ಸಿ.ಟಿ. ಚಿತ್ರವನ್ನು ತೆಗೆದರು. ಮೊದಲು ೪೬ ಮಿಲಿಮೀಟರ್ ಇದ್ದ ಗೆಡ್ಡೆ ೪೧ ಮಿಲಿಮೀಟರ್ ಆಗಿತ್ತು. ಟೀಚರಮ್ಮನವರು ಔಷಧದ ಚೀಟಿಯ ಬೆನ್ನಿನಲ್ಲಿ ತಾವೇ ಲೆಕ್ಕ ಹಾಕಿ, “ಮಗಳೇ, ಶೇಕಡಾ ಹನ್ನೊಂದೂ ಪೂರ್ತಿ ಇಲ್ಲ. ಇಷ್ಟಕ್ಕಾಗಿ ಇಷ್ಟು ಸಂಕಟವೇ? ನನಗೆ ಸಾಕು,” ಎಂದು ಚೀಟಿಯನ್ನು ಮಡಿಸಿಟ್ಟರು. ನಾನು ಉತ್ತರವನ್ನು ಕಾಣದೆ ಸುಮ್ಮನಾದೆನು.

ಈ ಅಳತೆಗೂ ಒಂದು ನಿಯಮವುಂಟು. ೨೦೦೦ದಲ್ಲಿ ಪ್ರಕಟವಾಗಿ, ೨೦೦೯ರಲ್ಲಿ ತಿದ್ದಲ್ಪಟ್ಟ ಈ ನಿಯಮಕ್ಕೆ ರೆಸಿಸ್ಟ್ ಎಂದು ಹೆಸರು. ಗೆಡ್ಡೆಗಳ ಉದ್ದಳತೆಯ ಮೊತ್ತವು ಶೇಕಡಾ ೩೦ರಷ್ಟಾದರೂ ಕುಗ್ಗಿದರೆ ಔಷಧಕ್ಕೆ ಭಾಗಶಃ ಗುಣ ಕಂಡಿತೆಂದು ಅರ್ಥ. ಅತಿ ಕಡಿಮೆಯಾಗಿದ್ದ ಅಳತೆಗಿಂತ ಶೇಕಡಾ ೨೦ರಷ್ಟಾದರೂ, ಜೊತೆಗೆ ಕನಿಷ್ಠ ೫ ಮಿಲಿಮೀಟರ್ ಆದರೂ, ಹೆಚ್ಚಿದರೆ ರೋಗವು ಮುಂದುವರಿದಿದೆಯೆಂದು ಅರ್ಥ. ನಡುವೆ ನಿಂತದ್ದು ಸ್ಥಿರ ಸ್ಥಿತಿ. ಅದು ಸೋಲಲ್ಲವೆಂದು ವೈದ್ಯರು ಹೇಳಿದರೂ ಟೀಚರಮ್ಮನವರ ಮನಸ್ಸು ಒಪ್ಪಲಿಲ್ಲ.

ನರಗಳ ಸ್ಥಿತಿಯನ್ನು ನೋಡುವ ಸಲುವಾಗಿ ಉಪಚಾರಕ್ಕೆ ಮುಂಚೆಯೇ ಎಂ.ಆರ್.ಐ. ಚಿತ್ರವನ್ನು ತೆಗೆಸಿದ್ದರು, ಈಗ ಮತ್ತೊಮ್ಮೆ ತೆಗೆದರು. ಬಳೆ, ಪಿನ್ನು, ಕೂದಲ ಕ್ಲಿಪ್ಪು ಎಲ್ಲವನ್ನೂ ಹೊರಗೆ ತೆಗೆದಿಡಬೇಕು. ಏಕೆಂದರೆ ಯಂತ್ರವು ಮಹಾ ಅಯಸ್ಕಾಂತ, ಅದರ ೧.೫ ಟೆಸ್ಲಾ ಬಲವು ಭೂಮಿಯ ಆಕರ್ಷಣೆಗಿಂತಲ್ಲ, ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಾಲು ಹೆಚ್ಚಿನದು. ಅದು ಎಕ್ಸ್‌ಕಿರಣವನ್ನು ಬಳಸದೆ, ಶರೀರದ ನೀರಿನಲ್ಲಿರುವ ಜಲಜನಕದ ಸುಳಿವನ್ನು ಹಿಡಿದು ಚಿತ್ರವನ್ನು ರಚಿಸುತ್ತದೆ. ಈ ಮಾರ್ಗವನ್ನು ೧೯೭೩ರಲ್ಲಿ ತೋರಿಸಿದ ಪಾಲ್ ಲಾಟರ್ಬರ್ ಅವರಿಗೂ ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ೨೦೦೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಶ್ವಾಸಕೋಶದಲ್ಲಾದರೋ ಗಾಳಿಯೇ ಹೆಚ್ಚು, ನೀರು ಕಡಿಮೆ. ಮೇಲಾಗಿ ಉಸಿರೂ ಹೃದಯದ ಬಡಿತವೂ ಚಿತ್ರವನ್ನು ಕದಡುತ್ತವೆ. ಆದಕಾರಣ ಶ್ವಾಸಕೋಶದ ಗೆಡ್ಡೆಯನ್ನು ಅಳೆಯಲು ಈಗಲೂ ಸಿ.ಟಿ.ಯೇ ರೂಢಿ. ಮೇಲ್ತುದಿಯು ಉಸಿರಾಟಕ್ಕೆ ಅಷ್ಟಾಗಿ ಅಲುಗದಿರುವುದರಿಂದ ಇವರ ಚಿತ್ರವು ಚೆನ್ನಾಗಿ ಬಂತು.

ಗಾತ್ರವಲ್ಲದೆ ಗೆಡ್ಡೆಯೊಳಗಿನ ನೀರಿನ ಕಣಗಳ ಸಂಚಾರವನ್ನೂ ಈ ಯಂತ್ರವು ಅಳೆಯಬಲ್ಲದು. ವೈದ್ಯರು ವಿವರಿಸಿದ್ದನ್ನು ನನ್ನ ರೀತಿಯಲ್ಲಿ ಹೇಳುತ್ತೇನೆ. ಬೆಳಗಿನ ಸಭೆಗೆ ಎಲ್ಲ ಹುಡುಗಿಯರೂ ಅಂಗಳದಲ್ಲಿ ಒತ್ತಾಗಿ ನಿಂತಿರುವಾಗ ಒಬ್ಬಳು ಈ ಕಡೆಯಿಂದ ಆ ಕಡೆಗೆ ಹೋಗಲಾರಳು. ಅರ್ಧ ಜನ ತರಗತಿಗೆ ಹೋದರೆ ಸರಾಗವಾಗಿ ಓಡಾಡುವಳು. ಅಂಗಳದ ಅಳತೆ ಮಾತ್ರ ಎರಡು ಹೊತ್ತಿನಲ್ಲಿಯೂ ಒಂದೇ. ಕ್ಯಾನ್ಸರ್ ಗೆಡ್ಡೆಯಲ್ಲಿ ಜೀವಕೋಶಗಳು ಇಕ್ಕಟ್ಟಾಗಿರುವುದರಿಂದ ನೀರು ಸುಲಭವಾಗಿ ಸಂಚರಿಸದು. ಔಷಧದಿಂದ ಅವು ಸತ್ತು ಕರಗಿದಂತೆ ಸಂಚಾರವು ಹೆಚ್ಚುತ್ತದೆ. ಕೆಲವೊಮ್ಮೆ ಗಾತ್ರವು ಕುಗ್ಗುವ ಮೊದಲೇ ಹೆಚ್ಚುವುದುಂಟು. ಟೀಚರಮ್ಮನವರ ಚಿತ್ರದಲ್ಲಿ ಈ ಸಂಚಾರವು ಸ್ಪಷ್ಟವಾಗಿ ಹೆಚ್ಚಿತ್ತು. “ಇದು ಸೂಚನೆಯೇ ಹೊರತು ತೀರ್ಪಲ್ಲ, ಆದರೂ ಈಗಲೇ ನಿಲ್ಲಿಸಬೇಡಿರಿ,” ಎಂದರು ವೈದ್ಯರು.

ಮನೆಗೆ ಬರುವವರೆಗೂ ಟೀಚರಮ್ಮನವರು ಮಾತನಾಡಲಿಲ್ಲ. ಬಾಗಿಲ ಬಳಿ ನಿಂತು, “ಅರ್ಧ ವರ್ಷದ ಅಂಕಗಳನ್ನು ನೋಡಿ ಯಾವ ಹುಡುಗಿಯನ್ನೂ ನಾನು ಶಾಲೆ ಬಿಡಿಸಲಿಲ್ಲ,” ಎಂದರು. ಮೂರನೆಯ ಸರದಿಗೆ ಹೊರಡುವುದಾಗಿ ಅದರಿಂದಲೇ ನಾನು ತಿಳಿದುಕೊಂಡೆನು.

ನಾಲ್ಕು ಸರದಿಗಳಾದಾಗ ಗೆಡ್ಡೆ ೨೯ ಮಿಲಿಮೀಟರ್ ಆಗಿತ್ತು. ಈ ಸಲ ಲೆಕ್ಕವನ್ನು ನನ್ನಿಂದಲೇ ಮಾಡಿಸಿದರು: ಶೇಕಡಾ ೩೭ರಷ್ಟು ಇಳಿತ. ರೋಗವು ಪೂರ್ತಿ ಹೋಗಿಲ್ಲ. ಮುಂದಿನ ಚಿಕಿತ್ಸೆ ಇನ್ನೂ ಇದೆ. ಆದರೆ ರಾತ್ರಿ ನಿದ್ರೆ ಬರುತ್ತಿದೆ. ಸೂಜಿಗೆ ದಾರವನ್ನೂ ಪೋಣಿಸುತ್ತಿದ್ದಾರೆ.

ನಾನು ಕಳೆದ ನಾಲ್ಕು ತಿಂಗಳುಗಳನ್ನು ಯಾವ ಯಂತ್ರವೂ ಹಿಂದಕ್ಕೆ ಕೊಡಲಾರದು. ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಮನೆಯ ಹಿರಿಯರಿಗೆ ಭುಜನೋವಾಗಲಿ ಕೆಮ್ಮಾಗಲಿ ಮೂರು ವಾರಗಳಾದರೂ ಬಿಡದಿದ್ದರೆ, ವಯಸ್ಸಿನ ಮೇಲೆ ಹೊರಿಸದೆ ವೈದ್ಯರಿಗೆ ತೋರಿಸಿರಿ. ಟೀಚರಮ್ಮನವರನ್ನು ನೋಡಬಯಸುವ ಹಳೆಯ ವಿದ್ಯಾರ್ಥಿನಿಯರು ಸಂಜೆಯ ಹೊತ್ತು ಬರಬಹುದು; ಮಗ್ಗಿ ಮರೆತವರು ಒಮ್ಮೆ ಓದಿಕೊಂಡು ಬರುವುದು ಒಳ್ಳೆಯದು.