ಅಲ್ಲಿ, ಅವಿಡೆ

ನಮ್ಮ ವಯನಾಡಿನ ಕನ್ನಡ ಮನೆಗಳಲ್ಲಿ ದೇಹದ ಒಂದು ಭಾಗಕ್ಕೆ ಹೆಸರಿಲ್ಲ. ಕನ್ನಡದಲ್ಲಿ ಹೇಳಬೇಕಾದರೆ 'ಅಲ್ಲಿ' ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಬೇಕಾಗಿ ಬಂದರೆ 'ಅವಿಡೆ' ಎಂದು ನೆಲ ನೋಡುತ್ತೇವೆ. ಎರಡು ಭಾಷೆ ಬಲ್ಲವರೆಂದು ಹೆಮ್ಮೆಪಡುವ ನಮಗೆ ಆ ಜಾಗದ ಮಟ್ಟಿಗೆ ಒಂದು ಭಾಷೆಯೂ ಇಲ್ಲ. ಮೂವತ್ತು ವರ್ಷ ದಾದಿಯಾಗಿ ದುಡಿದು ನಿವೃತ್ತಳಾದವಳು ನಾನು. ಬರೆಯಹೊರಟಿರುವುದು ಅಲ್ಲಿ ಏಳುವ ಗುಳ್ಳೆಗಳ ವಿಷಯ. ವಾರ್ಷಿಕ ಸಂಚಿಕೆಗೆ ಇದು ತಕ್ಕದ್ದೇ ಎಂದು ಕೇಳುವವರು ದಯವಿಟ್ಟು ಪೂರ್ತಿ ಓದಿದ ಮೇಲೆ ಕೇಳಲಿ.

'ಕುರು' ಎಂಬ ಮಾತನ್ನೇ ನೋಡಿ. ಎರಡು ಭಾಷೆಗಳಲ್ಲೂ ಉಂಟು. ಕನ್ನಡದ ಕುರು ಎಂದರೆ ಕೀವು ತುಂಬಿ ನೋಯುವ ಹುಣ್ಣು. ಮಲಯಾಳದ ಕುರು ಬಲು ಉದಾರ. ಹಲಸಿನ ಬೀಜವೂ ಕುರು, ಮುಖದ ಮೊಡವೆಯೂ ಕುರು. ನಮ್ಮ ನೆಂಟರ ಹುಡುಗನೊಬ್ಬ ಮದುವೆಗೆ ಮೂರು ವಾರ ಇರುವಾಗ ಮದುವೆಯೇ ಬೇಡವೆಂದು ಹಟ ಹಿಡಿದ. ಮಲಯಾಳ ಮಾಧ್ಯಮದಲ್ಲಿ ಓದಿದವನು. ಬಾಯಿಬಿಟ್ಟು ಹೇಳಲಾರದೆ ಚೀಟಿಯಲ್ಲಿ 'ಅವಿಡೆ ಕುರು' ಎಂದು ಬರೆದು ತಾಯಿಗೆ ಕೊಟ್ಟ. ಆಕೆ ಮಲಯಾಳದಲ್ಲಿ ಓದಿದಳು, ಕನ್ನಡದಲ್ಲಿ ಅರ್ಥ ಮಾಡಿಕೊಂಡಳು. ಮಗ ಎಲ್ಲಿಂದಲೋ ರೋಗ ತಂದನೆಂದು ಎರಡು ದಿನ ಅನ್ನ ಮುಟ್ಟಲಿಲ್ಲ.

ಚೀಟಿ ನನ್ನ ಕೈಗೆ ಬಂತು. "ಚಿಕ್ಕಮ್ಮಾ, ನನ್ನನ್ನು ಏನೂ ಕೇಳಬೇಡಿ" ಎಂದ. ಕೇಳದೆಯೇ ಚರ್ಮರೋಗದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅವರು ನೋಡಲು ಎರಡು ನಿಮಿಷ ಸಾಕಾಯಿತು. ಶಿಶ್ನದ ತಲೆಯ ಅಂಚಿನ ಸುತ್ತ ಮುತ್ತು ಪೋಣಿಸಿದ ಹಾಗೆ ಒಂದೆರಡು ಸಾಲು ಸಣ್ಣ ಗುಳ್ಳೆಗಳು. ಒಂದೊಂದೂ 1ರಿಂದ 3 ಮಿಲಿಮೀಟರು. ಹರೆಯದಲ್ಲಿ ಎಷ್ಟೋ ಗಂಡಸರಲ್ಲಿ ಕಾಣುವಂಥದ್ದು. ರೋಗವಲ್ಲ, ಅಂಟುವುದಿಲ್ಲ, ಮದ್ದು ಬೇಕಿಲ್ಲ. ಮದುವೆ ನಡೆಯಿತು.

ಅಂಥ ನಿರುಪದ್ರವಿ ಗುಳ್ಳೆಗಳು ಇನ್ನೂ ಉಂಟು. ಹೆಂಗಸರಲ್ಲಿ ಯೋನಿದ್ವಾರದ ಒಳತುಟಿಗಳಲ್ಲಿ ಎರಡು ಕಡೆಯೂ ಒಂದೇ ಸಮನಾಗಿ ಮೆತ್ತನೆಯ ಸಣ್ಣ ಮೊಗ್ಗುಗಳಿರಬಹುದು. ರವೆ ಚೆಲ್ಲಿದಂತೆ ಕಾಣುವ ಹಳದಿ ಚುಕ್ಕೆಗಳು ಬರಿಯ ಎಣ್ಣೆಗ್ರಂಥಿಗಳು. 1896ರಲ್ಲಿ ಅವನ್ನು ವಿವರಿಸಿದ ಅಮೆರಿಕದ ಚರ್ಮವೈದ್ಯ ಫೋರ್ಡೈಸನ ಹೆಸರೇ ಅವಕ್ಕೆ ಬಿದ್ದಿದೆ. ಕೂದಲು ಬೋಳಿಸಿದ ಮೇಲೆ ಮೊಳೆತ ಕೂದಲು ಚರ್ಮದೊಳಕ್ಕೇ ತಿರುಗಿದರೆ ಕೆಂಪು ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ನಾಟಿಯ ಗದ್ದೆಯಿಂದ ಬಂದು ಒದ್ದೆ ಬಟ್ಟೆಯಲ್ಲೇ ಇರುವವರಿಗೆ ಕೂದಲ ಬುಡ ಕೆರಳುವುದು ಹೆಚ್ಚು. ಇದಕ್ಕೆ ಒಣಗಿದ ಸಡಿಲ ಹತ್ತಿಬಟ್ಟೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಕೆಲವು ದಿನ ಬ್ಲೇಡಿಗೆ ರಜೆ, ಇಷ್ಟೇ ಉಪಚಾರ. ಹಿಸುಕಬಾರದು.

ಎಲ್ಲವೂ ನಿರುಪದ್ರವಿ ಎಂದು ಹೇಳುತ್ತಿಲ್ಲ. ನೀರ್ಗುಳ್ಳೆಗಳು ಗೊಂಚಲಾಗಿ ಎದ್ದು ಉರಿದು ಒಡೆದರೆ ಅದು ಹರ್ಪಿಸ್ ಇರಬಹುದು. ರಾತ್ರಿ ಮನೆಮಂದಿಗೆಲ್ಲ ತುರಿಕೆಯಿದ್ದರೆ ಕಜ್ಜಿ. ಆಗ ಒಬ್ಬರಿಗಲ್ಲ, ಎಲ್ಲರಿಗೂ ಒಟ್ಟಿಗೆ ಮದ್ದು ಹಚ್ಚಬೇಕು. ಯೋನಿದ್ವಾರದ ಒಂದು ಬದಿಯಲ್ಲಿ ಗಂಟಾಗಿ ಊದಿ ಕೂರಲಾಗದಿದ್ದರೆ ಅಲ್ಲಿನ ಗ್ರಂಥಿಯ ಬಾಯಿ ಕಟ್ಟಿರುತ್ತದೆ. ನಲವತ್ತು ದಾಟಿದವರು ನೋವಿಲ್ಲದಿದ್ದರೂ ಅದನ್ನು ತೋರಿಸಲೇಬೇಕು. ಎಲ್ಲಕ್ಕಿಂತ ಮೋಸದ್ದು ನೋವೇ ಇಲ್ಲದ ಒಂಟಿ ಹುಣ್ಣು. ಸಿಫಿಲಿಸಿನ ಈ ಹುಣ್ಣು 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಗೊತ್ತಾದರೆ ಪೆನಿಸಿಲಿನ್ನಿನಿಂದ ಗುಣವಾಗುತ್ತದೆ. ಹಿಂದಿನವರು ಅದನ್ನು ಕನ್ನಡದಲ್ಲಿ ಪರಂಗಿ ಹುಣ್ಣು, ಮಲಯಾಳದಲ್ಲಿ ಪರಂಗಿಪ್ಪುಣ್ಣ್ ಎಂದು ಕರೆದು ಪರದೇಶದವರ ತಲೆಗೆ ಕಟ್ಟಿದರು.

ಆ ಚಾಳಿ ಇನ್ನೂ ಬಿಟ್ಟಿಲ್ಲ. ಗುಳ್ಳೆ ಕಂಡೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ 'ಏನಿದು' ಎಂದಲ್ಲ, 'ಯಾರಿಂದ' ಎಂದು. ನಾವು ನರಹುಲಿ ಎನ್ನುವ, ಮಲಯಾಳದವರು ಅರಿಂಬಾರ ಎನ್ನುವ ಗಂಟು ಅಲ್ಲಿಯೂ ಬರುತ್ತದೆ. ಹೂಕೋಸಿನಂತೆ ಬೆಳೆಯುವ ಇದು ಹೆಚ್ಚಾಗಿ ಎಚ್.ಪಿ.ವಿ. ವೈರಸಿನ 6 ಮತ್ತು 11ನೆಯ ಬಗೆಗಳಿಂದ ಬರುವಂಥದ್ದು. ಸಂಪರ್ಕವಾಗಿ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಅದು ತಲೆಯೆತ್ತಬಹುದು. ಹಾಗಾಗಿ ಇವತ್ತು ಕಂಡ ಗಂಟನ್ನು ಹಿಡಿದು ನಿನ್ನೆಯ ನಡತೆಯನ್ನು ಅಳೆಯಲಾಗದು. ಅಂಥ ಅನುಮಾನದ ಮೇಲೆ ಹೆಣ್ಣುಮಕ್ಕಳು ತವರಿಗೆ ಮರಳಿದ್ದನ್ನು ಕಂಡಿದ್ದೇನೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿ 2023ರಲ್ಲಿ ಮಾರುಕಟ್ಟೆಗೆ ಬಂದ ಸರ್ವಾವ್ಯಾಕ್ ಲಸಿಕೆ ಈ ಎರಡು ಬಗೆಗಳನ್ನೂ, ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ 16 ಮತ್ತು 18ನೆಯ ಬಗೆಗಳನ್ನೂ ತಡೆಯುತ್ತದೆ.

ಕೈಯ ನರಹುಲಿಗೆ ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು, ಕುದುರೆಬಾಲದ ಕೂದಲು ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದನ್ನೇ ಅಲ್ಲಿ ಮಾಡಿ ಬೆಂದ ಗಾಯದೊಂದಿಗೆ ಬಂದವರಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ಡೆಟಾಲೂ ಬೇಡ, ಬರಿಯ ನೀರು ಸಾಕು. ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಗಜಕರ್ಣ ಇನ್ನಷ್ಟು ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ.

ನಮ್ಮವರು ಗುರುತು ಸಿಗಬಾರದೆಂದು ಮುತ್ತಂಗ ದಾಟಿ ಮೈಸೂರಿಗೆ ಹೋಗುವುದುಂಟು. ಮನೆಯಲ್ಲಿ ಹೇಳುವುದು ಸೀರೆ ತರುವ ನೆಪ. 2009ರಿಂದ ರಾತ್ರಿ ಒಂಬತ್ತಕ್ಕೆ ಬಂಡೀಪುರದ ದಾರಿ ಮುಚ್ಚುವುದರಿಂದ ಅವಸರದಲ್ಲಿ ತೋರಿಸಿ ಮರಳುತ್ತಾರೆ. 'ಎರಡು ವಾರ ಬಿಟ್ಟು ಬನ್ನಿ' ಎಂದು ವೈದ್ಯರು ಹೇಳಿದ್ದು ಅಲ್ಲಿಗೇ ಉಳಿಯುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಇರುವ ಕೇಂದ್ರಕ್ಕೆ ಕೇರಳದಲ್ಲಿ 'ಪುಲರಿ' ಎಂದು ಹೆಸರಿಟ್ಟರು. ಪುಲರಿ ಎಂದರೆ ಮುಂಜಾವು.

ನನ್ನ ಸೋದರತ್ತೆ ಅಂಥ ಯಾವ ಬಾಗಿಲನ್ನೂ ತಟ್ಟಲಿಲ್ಲ. ಅರವತ್ತು ದಾಟಿದ ವಿಧವೆ. ಅಲ್ಲಿ ತುರಿಕೆ, ಬಿಳಿ ಮಚ್ಚೆ, ಆಮೇಲೊಂದು ಗಂಟು. ಮೂರು ಮಳೆಗಾಲ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸೆರಗು ಹೊದ್ದು ಓಡಾಡಿದಳು. ಗಂಟು ಒಡೆದು ರಕ್ತ ಬಂದಾಗಲೇ ಮನೆಯವರಿಗೆ ತಿಳಿದದ್ದು. ಅಷ್ಟರಲ್ಲಿ ಕ್ಯಾನ್ಸರ್ ತೊಡೆಸಂದಿಗೆ ಇಳಿದಿತ್ತು. "ಏನೆಂದು ಹೇಳಲಿ ಮಗಾ, ಮಾತೇ ಇರಲಿಲ್ಲ" ಎಂದಳು. ಮರುವರ್ಷ ತೀರಿಕೊಂಡಳು. ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಗಂಟು, ಬಿಡದ ತುರಿಕೆ, ಬಣ್ಣ ಬದಲಾದ ಚರ್ಮ: ಇವನ್ನು ಯಾವ ವಯಸ್ಸಿನವರೂ ಮುಚ್ಚಿಡಬಾರದು.

ಮಾತು ಇಲ್ಲದೆ ಇಲ್ಲ. ಶಿಶ್ನ, ವೃಷಣ, ಯೋನಿ. ಸಂಸ್ಕೃತದಿಂದ ಬಂದ ಈ ಮಾತುಗಳನ್ನು ಮಲಯಾಳದ ವೈದ್ಯರೂ ತಿಳಿಯುತ್ತಾರೆ, ಅನುವಾದ ಬೇಡ. ಅವುಗಳ ಜೊತೆಗೆ ಮೂರು ಸಂಗತಿ ಹೇಳಿದರೆ ಅರ್ಧ ಕೆಲಸ ಆದಂತೆ: ಎಷ್ಟು ದಿನದಿಂದ ಇದೆ, ನೋವಿದೆಯೋ ಇಲ್ಲವೋ, ಬೆಳೆಯುತ್ತಿದೆಯೋ ಇದ್ದ ಹಾಗೆಯೇ ಇದೆಯೋ. ಕೈಕಾಲಿನ ಹೆಸರು ಕಲಿಸುವಾಗಲೇ ಮಕ್ಕಳಿಗೆ ಈ ಹೆಸರುಗಳನ್ನೂ ಕಲಿಸೋಣ, ಕನ್ನಡದಲ್ಲಿ ಕಲಿಸಿದರೂ ಸರಿ, ಮಲಯಾಳದಲ್ಲಿ ಕಲಿಸಿದರೂ ಸರಿ.