ಗಂಟೆ ಬಾರಿಸಿತ್ತು, ನಾವು ಕೇಳಲಿಲ್ಲ

ಎರಡು ವರ್ಷದ ಹಿಂದಿನ ಆಷಾಢ. ಬೆಳಿಗ್ಗೆ ಆರೂವರೆಗೆ ಕೃಷ್ಣಾ ದಂಡೆಯ ರೈತರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ, ಅದೇ ನಮಗೆ ಹೆಚ್ಚು ನಾಟಿತು. "ತಮ್ಮಾ, ರಾತ್ರಿ ನಿಮ್ಮ ಸುದ್ದಿ ತೆರೀಲೇ ಇಲ್ಲಲ್ಲೋ. ನೀರು ಬಿಟ್ಟಿದ್ರ ನೀವು ಹಾಕೇ ಹಾಕ್ತೀರಿ, ಏನೂ ಇಲ್ಲ ಅಂದಮ್ಯಾಲ ಬಿಟ್ಟಿಲ್ಲ ಅನ್ಕೊಂಡು ಮಲಗಿಬಿಟ್ಟೆ. ಮೋಟರು, ಪೈಪು ಎಲ್ಲಾ ಹೋತು."

ನಾರಾಯಣಪುರದ ಬಸವಸಾಗರದಿಂದ ಹೊಳೆಗೆ ನೀರು ಬಿಡುತ್ತಾರೆಂದರೆ ದಂಡೆಯ ರೈತರು ಮೊದಲು ಮಾಡುವ ಕೆಲಸ ಪಂಪ್‌ಸೆಟ್ ಎತ್ತಿ ಮೇಲೆ ತರುವುದು. ಊರಲ್ಲಿ ಡಂಗುರ ಸಾರಿದ್ದರು. ಆದರೆ ಇವರು ಆ ರಾತ್ರಿ ಹೊಲದ ಗುಡಿಸಲಲ್ಲಿದ್ದರು. ಅಲ್ಲಿಗೆ ಡಂಗುರ ಕೇಳುವುದಿಲ್ಲ, ಮೊಬೈಲ್ ಒಂದೇ ಆಸರೆ. ಮೊಬೈಲಿನಲ್ಲಿ ನಾವು.

ನಮ್ಮಲ್ಲಿ ಆಗಿದ್ದು ಇಷ್ಟು. ನಮ್ಮ ಪುಟಗಳು ಒಂದು ಬಾಡಿಗೆ ಸರ್ವರಿನಲ್ಲಿವೆ. ಸರ್ವರ್ ಅಂದರೆ ದಿನವಿಡೀ ಚಾಲೂ ಇರುವ ಒಂದು ಕಂಪ್ಯೂಟರ್. ಮಳೆಗಾಲದ ಫೋಟೋ, ವಿಡಿಯೋ ಸೇರಿ ಅದರ ಡಿಸ್ಕ್ ತುಂಬುತ್ತಾ ಬಂದಿತ್ತು. ರಾತ್ರಿ ಎಂಟೂವರೆಗೆ ಪೂರ್ತಿ ತುಂಬಿತು, ಪುಟ ನಿಂತಿತು. ಒಂಬತ್ತಕ್ಕೆ ನಮ್ಮವನೊಬ್ಬ ನೀರು ಬಿಡುವ ಸುದ್ದಿ ಬರೆದು ಮೊಬೈಲಿನಿಂದ ಕಳಿಸಿದ. ಚಕ್ರ ತಿರುಗುತ್ತಲೇ ಇತ್ತು. ಹಳ್ಳಿಯ ನೆಟ್‌ವರ್ಕು, ಹೀಗೇ ಇರುತ್ತದೆ, ಆಮೇಲೆ ಹೋಗುತ್ತದೆ ಅಂದುಕೊಂಡು ಮಲಗಿದ. ವಾಟ್ಸಾಪ್ ಗುಂಪಿಗೂ ಹಾಕಲಿಲ್ಲ.

ಎಚ್ಚರಿಕೆ ಬಂದೇ ಇರಲಿಲ್ಲವೆ? ಬಂದಿತ್ತು. ಡಿಸ್ಕ್ ತುಂಬುತ್ತಿದೆ ಎಂದು ಸಂಜೆ ನಾಲ್ಕರಿಂದ ಸಂದೇಶ ಬರುತ್ತಲೇ ಇತ್ತು. ಆ ದಿನ ಅಂಥ ನೂರಕ್ಕೂ ಹೆಚ್ಚು ಸಂದೇಶ ಬಂದಿದ್ದವು. ಹಿಂದಿನ ದಿನವೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ. ನಾವು ಐದೂ ಜನ ಆ ಗುಂಪಿನ ಸದ್ದು ಬಂದ್ ಮಾಡಿ ತಿಂಗಳಾಗಿತ್ತು.

ಮರುವಾರ ಇಬ್ಬರು ರಾತ್ರಿ ರೈಲಿಗೆ ಹೊರಟು ಯಶವಂತಪುರದಲ್ಲಿ ಇಳಿದು ಮಲ್ಲೇಶ್ವರಕ್ಕೆ ಹೋದೆವು. ನಮ್ಮ ಜೊತೆ ಓದಿದ ಗೆಳತಿಯ ಅಕ್ಕ ಅಲ್ಲಿದ್ದಾರೆ. ಅವರ ಉದ್ಯೋಗವೇ ಕಂಪನಿಯೊಂದರ ಸರ್ವರುಗಳನ್ನು ರಾತ್ರಿ ಕಾಯುವುದು. ಕಾಡುಮಲ್ಲೇಶ್ವರ ಗುಡಿಯ ಹತ್ತಿರದ ಹಳೇ ಮನೆಯ ಮಹಡಿ ಕೋಣೆ. ಕಾಫಿ ಕೊಟ್ಟು, ನಮ್ಮ ಲ್ಯಾಪ್‌ಟಾಪ್ ತೆರೆಸಿ, ಒಂದು ತಿಂಗಳ ಸಂದೇಶಗಳನ್ನೆಲ್ಲ ನೋಡಿ ಹೇಳಿದರು: "ಎಲ್ಲದಕ್ಕೂ ಕೂಗೋ ಹಾಗೆ ಇಟ್ಟಿದ್ದೀರಲ್ಲಪ್ಪ, ಅದಕ್ಕೇ ಒಂದೂ ಕೇಳಿಸಿಲ್ಲ."

ಹುಲಿ ಬಂತು ಹುಲಿ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಹುಡುಗ ಸುಳ್ಳು ಹೇಳುತ್ತಾನೆ. ನಮ್ಮ ಯಂತ್ರ ಒಂದು ಸುಳ್ಳೂ ಹೇಳಿರಲಿಲ್ಲ. ಇಲಿ ಬಂದರೂ ಹುಲಿ ಬಂದರೂ ಒಂದೇ ದನಿಯಲ್ಲಿ ಕೂಗು ಅಂತ ನಾವೇ ಕಲಿಸಿದ್ದೆವು.

ಹೀಗೆ ಕಾಯುವ ಸಾಫ್ಟ್‌ವೇರುಗಳಿಗೆ ಕಾಲು ಶತಮಾನದ ಚರಿತ್ರೆಯಿದೆ. ಅಮೆರಿಕದ ಈಥನ್ ಗ್ಯಾಲ್ಸ್ಟಾಡ್ 1999ರಲ್ಲಿ ಹೊರತಂದದ್ದು ಈಗ ನಾಗಿಯೋಸ್ ಎಂಬ ಹೆಸರಿನಲ್ಲಿದೆ. ಲಾಟ್ವಿಯಾದ ಅಲೆಕ್ಸೀ ವ್ಲಾಡಿಶೇವ್ 2001ರಲ್ಲಿ ಬಿಟ್ಟದ್ದು ಜ್ಯಾಬಿಕ್ಸ್. ಎರಡೂ ಪುಕ್ಕಟೆ ಸಿಗುತ್ತವೆ. ನಾವು ಹಾಕಿಕೊಂಡಿದ್ದು ಜ್ಯಾಬಿಕ್ಸ್. ಸಾಫ್ಟ್‌ವೇರಿನಲ್ಲಿ ದೋಷವಿರಲಿಲ್ಲ. ಹಾಕಿದ ದಿನ ಅದರಲ್ಲಿ ಏನಿತ್ತೋ ಹಾಗೇ ಬಿಟ್ಟಿದ್ದು ನಮ್ಮ ದೋಷ.

ಅಕ್ಕ ಮೊದಲು ಮಾಡಿಸಿದ ಕೆಲಸ ಅಳಿಸುವುದು. ಒಂದೊಂದು ಎಚ್ಚರಿಕೆಗೂ ಒಂದೇ ಪ್ರಶ್ನೆ: "ರಾತ್ರಿ ಎರಡಕ್ಕೆ ಇದು ಬಂದರೆ ಎದ್ದು ಏನು ಮಾಡ್ತೀರಿ?" ಉತ್ತರ ಇಲ್ಲದಿದ್ದರೆ ಅದು ಎಚ್ಚರಿಕೆಯಲ್ಲ, ಬೆಳಿಗ್ಗೆ ನೋಡುವ ಮಾಹಿತಿ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ನಾಲ್ಕು. ಪುಟ ತೆರೆಯುತ್ತಿಲ್ಲ. ಡಿಸ್ಕ್ ತುಂಬುತ್ತಿದೆ. ಹೊಸ ಸುದ್ದಿ ಉಳಿಯುತ್ತಿಲ್ಲ. ಸರ್ವರ್ ಉಸಿರಾಡುತ್ತಿಲ್ಲ.

ಆಮೇಲೆ ಮಿತಿ. ಪುಟ ಒಮ್ಮೆ ತೆರೆಯದಿದ್ದರೆ ಕೂಗಬೇಡ, ನಿಮಿಷಕ್ಕೊಮ್ಮೆ ನೋಡು, ಸತತ ಮೂರು ಸಲ ತೆರೆಯದಿದ್ದರೆ ಕೂಗು. ಡಿಸ್ಕ್ ನೂರರಲ್ಲಿ 80 ತುಂಬಿದರೆ ಹಗಲು ಹೊತ್ತಿನಲ್ಲಿ ಸಂದೇಶ, 90 ತುಂಬಿದರೆ ಯಾವ ಹೊತ್ತಾದರೂ ಸರಿ, ಎಬ್ಬಿಸು. ನಮ್ಮ ನೂರಾರು ಸಂದೇಶಗಳ ಗುಟ್ಟು ಇಲ್ಲೇ ಇತ್ತು. 80ಕ್ಕೆ ಗೆರೆ ಎಳೆದಿದ್ದೆವು. ಡಿಸ್ಕ್ 79, 80, 79 ಎಂದು ಆಡುತ್ತಿದ್ದರೆ ಪ್ರತಿ ಸಲವೂ "ತೊಂದರೆ", "ಸರಿಹೋಯಿತು", "ತೊಂದರೆ" ಎಂದು ಬರುತ್ತಿತ್ತು. ಈಗ 80 ದಾಟಿದರೆ ತೊಂದರೆ, 70ಕ್ಕೆ ಇಳಿದ ಮೇಲಷ್ಟೇ ಸರಿಹೋಯಿತು. ಮನೆಯ ನೀರಿನ ಟ್ಯಾಂಕಿಗೆ ಆಟೋಮ್ಯಾಟಿಕ್ ಹಾಕಿಸಿದವರಿಗೆ ಇದು ಗೊತ್ತು. ಒಂದು ಚೊಂಬು ನೀರು ಕಡಿಮೆಯಾದ ತಕ್ಷಣ ಮೋಟರ್ ಚಾಲೂ ಆಗುವಂತೆ ಯಾರೂ ಇಡುವುದಿಲ್ಲ.

ಮೂರನೆಯದು, ಯಾರಿಗೆ? ಐದು ಜನರ ಗುಂಪಿಗೆ ಬಂದ ಸಂದೇಶ ಯಾರಿಗೂ ಬಂದಂತಲ್ಲ. ಇನ್ನೊಬ್ಬ ನೋಡಿರುತ್ತಾನೆ ಅಂತ ಪ್ರತಿಯೊಬ್ಬನೂ ಸುಮ್ಮನಿರುತ್ತಾನೆ. ಹಾಗಾಗಿ ಪಾಳಿ ಮಾಡಿದೆವು, ವಾರಕ್ಕೊಬ್ಬರು. ಅವರು ಹತ್ತು ನಿಮಿಷದೊಳಗೆ "ನೋಡಿದೆ" ಎಂದು ಒತ್ತಬೇಕು. ಒತ್ತದಿದ್ದರೆ ಎರಡನೆಯವರಿಗೆ, ಅವರೂ ಏಳದಿದ್ದರೆ ಎಲ್ಲರಿಗೂ. ಟೆಲಿಗ್ರಾಂ ಮಾತ್ರ ಸಾಲದು. ನಮ್ಮ ಊರುಗಳಲ್ಲಿ ಡೇಟಾ ಇಲ್ಲದಾಗಲೂ ಎಸ್‌ಎಂಎಸ್ ಬರುತ್ತದೆ, ಕರೆ ಬರುತ್ತದೆ. ಎಬ್ಬಿಸುವ ಎಚ್ಚರಿಕೆ ಈಗ ಕರೆಯಾಗಿಯೇ ಬರುತ್ತದೆ.

ನಾಲ್ಕನೆಯದಕ್ಕೆ ನಮಗೆ ನಾಚಿಕೆಯಾಯಿತು. ಕಾಯುವ ಸಾಫ್ಟ್‌ವೇರನ್ನು ಅದೇ ಸರ್ವರಿನಲ್ಲಿ ಇಟ್ಟಿದ್ದೆವು. ಎಂಟೂವರೆಗೆ ಡಿಸ್ಕ್ ತುಂಬಿದಾಗ ಅದೂ ಜೊತೆಗೇ ನಿಂತಿತ್ತು. ಸತ್ತವನು ತನ್ನ ಸಾವಿನ ಸುದ್ದಿ ತಾನೇ ಹೇಗೆ ಹೇಳುತ್ತಾನೆ? ಈಗ ಅದು ಬೇರೆ ಊರಿನ ಬೇರೆ ಸರ್ವರಿನಲ್ಲಿದೆ. ದಿನಾ ಬೆಳಿಗ್ಗೆ ಆರಕ್ಕೆ "ಎದ್ದಿದ್ದೇನೆ" ಎಂದು ಒಂದು ಸಂದೇಶ ಹಾಕುತ್ತದೆ. ಅದು ಬಾರದ ದಿನ ಕಾವಲುಗಾರನೇ ಮಲಗಿದ್ದಾನೆ ಎಂದರ್ಥ.

ಸಂಜೆ ಅಕ್ಕ ನಮ್ಮನ್ನು ಎಂಟನೇ ಅಡ್ಡರಸ್ತೆಯವರೆಗೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಈ ಬಡಾವಣೆಯ ಕಥೆ ಹೇಳಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆಯಿಂದ ಜನ ಗಾಳಿ ಬೆಳಕಿರುವ ಕಡೆಗೆ ಬರಲೆಂದು ಬೆಳೆದವು ಮಲ್ಲೇಶ್ವರಂ ಮತ್ತು ಬಸವನಗುಡಿ. ಊರಿಗೆ ಟೆಲಿಫೋನ್ ತಂತಿ ಎಳೆದದ್ದೂ ಪ್ಲೇಗ್ ತಡೆಯುವ ಕೆಲಸ ಹೊಂದಿಸಿಕೊಳ್ಳಲಿಕ್ಕೆ. ಸುದ್ದಿ ಬೇಗ ಮುಟ್ಟಿದರೆ ಜೀವ ಉಳಿಯುತ್ತದೆ ಎಂಬುದು ಈ ಬೀದಿಗಳಿಗೆ ಆಗಲೇ ಗೊತ್ತಿತ್ತು. ಪತ್ರಿಕೋದ್ಯಮ ಓದಿದ ನಮಗೆ ಅದು ಹೊಳೆಯಲು ಒಂದು ಪಂಪ್‌ಸೆಟ್ ಹೊಳೆಪಾಲಾಗಬೇಕಾಯಿತು.

ಓದುವ ನಿಮಗೂ ಇದರಲ್ಲಿ ಕೆಲಸವಿದೆ. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಿ. ಕರೆಂಟ್ ಬಂತು, ಹೋಯ್ತು, ಮೋಟರ್ ನಿಂತಿತು, ಎಲ್ಲದಕ್ಕೂ ಅದು ಸಂದೇಶ ಕಳಿಸುತ್ತಿದ್ದರೆ ನೀವೂ ನೋಡುವುದು ಬಿಟ್ಟಿರುತ್ತೀರಿ. ಬೇಡದ್ದನ್ನು ತೆಗೆಸಿ, ನೀರಿಲ್ಲದೆ ಮೋಟರ್ ಓಡುತ್ತಿದೆ ಎಂಬುದನ್ನು ಮಾತ್ರ ಉಳಿಸಿಕೊಳ್ಳಿ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದು ಸರ್ಕಾರ ನಡೆಸಿದ ತುರ್ತು ಎಚ್ಚರಿಕೆಯ ಪರೀಕ್ಷೆ. ಹೆದರಿ ಆ ಸೆಟ್ಟಿಂಗ್ ಬಂದ್ ಮಾಡಿದವರಿದ್ದರೆ ಮತ್ತೆ ಚಾಲೂ ಮಾಡಿಕೊಳ್ಳಿ. ಇನ್ನೊಂದು ಮಾತು: ನಮ್ಮ ಪುಟ ತೆರೆಯಲಿಲ್ಲ ಎಂದರೆ ನೀರು ಬಿಟ್ಟಿಲ್ಲ ಎಂದು ತಿಳಿಯಬೇಡಿ. ನಮಗೊಂದು ಮಿಸ್ಡ್ ಕಾಲ್ ಕೊಡಿ, ಊರಿನವರನ್ನೂ ಕೇಳಿ.

ಆ ರೈತರ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆವು. ಎಲ್ಲರೂ ಸೇರಿ ಕೈಲಾದಷ್ಟು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಹೊಳಿ ದಂಡೀಗ ಇದ್ದವ್ರು ನಾವು, ಒಮ್ಮೆ ಹೊಳಿ ನೋಡಿ ಬರಬೇಕಿತ್ತು" ಅಂದರು. ಹೊಸ ಮೋಟರಿಗೆ ಸಾಲ ಮಾಡಿದ್ದರು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಒಂದೂಮುಕ್ಕಾಲಿಗೆ ಪಾಳಿಯವನ ಫೋನ್ ಹೊಡೆದುಕೊಂಡಿತು. ಡಿಸ್ಕ್ 90. ಎದ್ದು ಹಳೇ ವಿಡಿಯೋ ಬೇರೆಡೆಗೆ ಸಾಗಿಸಿ ಎರಡೂವರೆಗೆ ಮಲಗಿದ. ಪುಟ ನಿಲ್ಲಲಿಲ್ಲ. ಬೆಳಗಾಗುವ ಮೊದಲು ಹಾಕಿದ ನೀರಿನ ಸುದ್ದಿಯನ್ನು ಮೊದಲು ತೆರೆದವರಲ್ಲಿ ಆ ರೈತರೂ ಒಬ್ಬರು. ಬರೀ ಒಂದು ಹೆಬ್ಬೆಟ್ಟಿನ ಗುರುತು ಕಳಿಸಿದ್ದರು. ರಾತ್ರಿ ನಮ್ಮವನು ಎದ್ದಿದ್ದ ಸಂಗತಿ ಅವರಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.