ಆರಕ್ಕೆ ಏಳು

ನಮ್ಮ ಪುರ್ತಗೇರಿಯ ಹಿರಿಯರಾರೂ ಪಾಸ್‌ಪೋರ್ಟ್ ಕಂಡವರಲ್ಲ. ಆದರೂ ದುಡ್ಡು ಬದಲಿಸುವ ವಿದ್ಯೆಯಲ್ಲಿ ನನಗಿಂತ ಪಳಗಿದವರು. ಗಜೇಂದ್ರಗಡ ದಾಟಿ ಅರ್ಧ ದಿನ ಬಂಡಿ ಹೊಡೆದರೆ ಕುಷ್ಟಗಿ ಸೀಮೆ. ಅದು ಆಗ ಹೈದರಾಬಾದಿನ ನಿಜಾಮರದು, ನಮ್ಮ ಬಾಯಲ್ಲಿ ಮೊಗಲಾಯಿ. ಈಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಮಾತು ಒಂದೇ, ಬೀಗತನ ಒಂದೇ, ಕಾಲಕಾಲೇಶ್ವರನ ಗುಡ್ಡ ಹತ್ತುವವರೂ ಎರಡೂ ಕಡೆಯವರೇ. ರೂಪಾಯಿ ಮಾತ್ರ ಎರಡು. ನಮ್ಮದು ರಾಜನ ಮುಖವಿದ್ದ ಕಲ್ದಾರ, ಅವರದು ಚಾರ್‌ಮಿನಾರಿನ ಹಾಲಿ ಸಿಕ್ಕಾ.

ಅಜ್ಜ ತಂಗಿಯ ಮನೆಗೆ ಮೊಗಲಾಯಿಗೆ ಹೊರಟರೆ ದೋತರದ ಚುಂಗಿನಲ್ಲಿ ಎರಡು ಗಂಟು ಇರುತ್ತಿದ್ದವಂತೆ. ಒಂದರಲ್ಲಿ ಹಾಲಿ, ಒಂದರಲ್ಲಿ ಕಲ್ದಾರ. ಹಾದಿಯಲ್ಲಿ ಕರೋಡಗಿರಿ ನಾಕೆ, ಅಲ್ಲಿ ಸುಂಕದವರು. ಎತ್ತು ಕೊಳ್ಳುವಾಗ ಮೊದಲ ಮಾತು ಹಲ್ಲಿನದಲ್ಲ, ‘ಹಾಲಿ ಕೊಡ್ತೀಯೋ, ಕಲ್ದಾರ ಕೊಡ್ತೀಯೋ?’ ಎಂಬುದು. ಎರಡರ ನಡುವೆ ಸರಾಫ ಹಿಡಿಯುವ ವಟ್ಟ ಬೇರೆ.

ಈ ಲೆಕ್ಕದ ಬುಡದಲ್ಲಿ ಬೆಳ್ಳಿಯಿತ್ತು. ಕಲ್ದಾರ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಹಾಲಿ 11.18 ಗ್ರಾಂ, ಬೆಳ್ಳಿ 82 ಪಾಲು. ಬರೀ ಬೆಳ್ಳಿಯನ್ನು ತೂಗಿ ನೋಡಿದರೆ ಹೆಚ್ಚುಕಡಿಮೆ ಆರು ಕಲ್ದಾರಕ್ಕೆ ಏಳು ಹಾಲಿ. ನೂರು ಕಲ್ದಾರಕ್ಕೆ 116 ರೂಪಾಯಿ, 10 ಆಣೆ, 8 ಪೈ. ಶಾಲೆಯ ಮೆಟ್ಟಿಲು ಹತ್ತದ ಅಜ್ಜ ಇದನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದ. ನಾನು ಕ್ಯಾಲ್ಕುಲೇಟರ್ ತೆಗೆಯುತ್ತೇನೆ.

ಆದರೆ ನಾಣ್ಯ ಬೆಳ್ಳಿಯ ಮಾತನ್ನಷ್ಟೇ ಕೇಳುವುದಿಲ್ಲ. 1893ರಲ್ಲಿ ಬ್ರಿಟಿಷರು ಬೆಳ್ಳಿ ತಂದವರಿಗೆಲ್ಲ ನಾಣ್ಯ ಹೊಡೆದುಕೊಡುವುದನ್ನು ನಿಲ್ಲಿಸಿದರು. ಕಲ್ದಾರ ಬೆಳ್ಳಿಯ ಕೈಬಿಟ್ಟು ಮೇಲೆ ನಿಂತಿತು, ಹಾಲಿ ಬೆಳ್ಳಿಯ ಜೊತೆಗೇ ಕೆಳಗೆ ಜಾರಿತು. ಅದಕ್ಕಿಂತ ಕೆಟ್ಟ ಕಾಲ ಬಂದದ್ದು 1947ರ ಕೊನೆಗೆ. ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದ ಹೊಸದರಲ್ಲೇ ನಿಜಾಮರ ಸರಕಾರ ಭಾರತದ ರೂಪಾಯಿ ತನ್ನ ರಾಜ್ಯದಲ್ಲಿ ಚಲಾವಣೆಯ ಹಣವಲ್ಲ ಎಂದು ಸಾರಿತು. ಒಂದೇ ಸಂತೆಗೆ ಬರುತ್ತಿದ್ದವರ ನಡುವೆ ಒಂದು ದುಡ್ಡು ರಾತ್ರೋರಾತ್ರಿ ಕಳ್ಳಮಾಲಾಯಿತು.

ನಿಜಾಮರ ಪರದ ರಜಾಕಾರರ ಹಾವಳಿಗೆ ಊರು ಬಿಟ್ಟವರು ಗಡಿಯ ಈಚೆ ಬಂದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಶಿಬಿರ. ಗಜೇಂದ್ರಗಡದಲ್ಲೂ ಒಂದು ಶಿಬಿರ. ಬಂದವರ ಕೈಯಲ್ಲಿದ್ದದ್ದು ಹಾಲಿ. ಅಜ್ಜಿ ಹೇಳುತ್ತಿದ್ದಳು: ಆಗ ‘ಆರಕ್ಕೆ ಏಳು’ ಅಂದರೆ ಸರಾಫ ನಗುತ್ತಿದ್ದನಂತೆ. ಎಂಟು ಕೊಡು, ಒಂಬತ್ತು ಕೊಡು, ಇಲ್ಲದಿದ್ದರೆ ಇಟ್ಟುಕೋ. ಸರಾಫನನ್ನು ಬೈಯುವುದು ಸುಲಭ, ಅಜ್ಜಿಯೂ ಬೈಯುತ್ತಿದ್ದಳು. ಅವನನ್ನು ಪೂರ್ತಿ ಖಳನನ್ನಾಗಿ ಮಾಡಲು ನನಗೆ ಮನಸ್ಸು ಬಾರದು. ಇವತ್ತು ತೆಗೆದುಕೊಂಡ ಹಾಲಿಯನ್ನು ನಾಳೆ ಯಾರು ಕೊಳ್ಳುತ್ತಾರೆ ಎಂಬ ಭಯಕ್ಕೂ ಒಂದು ದರವಿರುತ್ತದೆ. ಆ ಭಯದ ಮೇಲೆ ಅವನು ಎಷ್ಟು ಲಾಭ ಹಚ್ಚಿಕೊಂಡ ಎಂಬುದು ಅವನ ಮತ್ತು ಅವನ ದೇವರ ನಡುವಿನ ಮಾತು.

ಇಷ್ಟೆಲ್ಲ ನನಗೆ ನೆನಪಾದದ್ದು ಕೊಲಂಬೊದಲ್ಲಿ, 2022ರ ಏಪ್ರಿಲಿನಲ್ಲಿ. ಟಿಕೆಟ್ ಮೊದಲೇ ತೆಗೆಸಿದ್ದಾಗಿತ್ತು, ಗೆಳೆಯರು ಹೋಗೋಣ ಅಂದರು. ಹೋಗುವ ಹೊತ್ತಿಗೆ ಆ ದೇಶದ ರೂಪಾಯಿ ಕುಸಿಯುತ್ತಿತ್ತು. ಡಾಲರಿಗೆ 200ರ ಆಸುಪಾಸು ಎಂದು ಸರಕಾರ ತಿಂಗಳುಗಟ್ಟಲೆ ಹಿಡಿದು ನಿಲ್ಲಿಸಿತ್ತು. 2019ರ ತೆರಿಗೆ ಕಡಿತ, ಅದೇ ವರ್ಷದ ಈಸ್ಟರ್ ಬಾಂಬ್ ದಾಳಿ, ಆಮೇಲೆ ಕೊರೊನಾ, ಬಾರದ ಪ್ರವಾಸಿಗರು, ಮೇಲೆ ಸಾಲ. ಖಜಾನೆಯಲ್ಲಿ ಡಾಲರ್ ಬರಿದಾದ ಮೇಲೆ 2022ರ ಮಾರ್ಚ್ 7ರಂದು ಹಿಡಿತ ಬಿಟ್ಟರು. ಏಪ್ರಿಲ್ ನಡುವಿಗೆ ದರ 300 ದಾಟಿತ್ತು, ಮೇ ತಿಂಗಳಲ್ಲಿ 360. ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾರೆವೆಂದು ಸರಕಾರವೇ ಹೇಳಿತು.

ಗಾಲ್ ರಸ್ತೆಯ ಸರಾಫಿ ಅಂಗಡಿಯವನು ನನ್ನ ಡಾಲರನ್ನು ಬೆಳಕಿಗೆ ಹಿಡಿದ, ಅಂಚು ಸವರಿದ, ಮಡಿಕೆ ಬಿದ್ದಿದ್ದ ಒಂದನ್ನು ಪಕ್ಕಕ್ಕೆ ಸರಿಸಿದ. ಹಲಗೆಯ ಮೇಲಿನ ದರ ಬೆಳಿಗ್ಗೆ ಬರೆದದ್ದು, ಬಾಯಲ್ಲಿ ಹೇಳಿದ್ದು ಬೇರೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿಕೊಳ್ಳಲೇ? ನಾಳೆ ಇನ್ನೂ ಇಳಿದರೆ? ಗೆಳೆಯರಲ್ಲಿ ಇದೇ ಚರ್ಚೆ, ಸಂಜೆಗೆ ಎಷ್ಟು ಉಳಿಯಿತು ಎಂಬ ಸಂಭ್ರಮ. ಚಹಾ ಅಗ್ಗ, ಊಟ ಅಗ್ಗ, ರೂಮು ಅಗ್ಗ. ಹೊರಗೆ ಸೀಮೆಎಣ್ಣೆಗೆ ಡಬ್ಬಿ ಹಿಡಿದು ಸಾಲು ನಿಂತವರು, ಗಾಲ್ ಫೇಸ್ ಮೈದಾನದಲ್ಲಿ ಅಧ್ಯಕ್ಷರು ಮನೆಗೆ ಹೋಗಲಿ ಎಂದು ಕೂಗುವ ಹುಡುಗರು. ನಾವು ಉಳಿಸಿದ ಪ್ರತಿ ರೂಪಾಯಿಯೂ ಅವರ ಸಂಬಳದ ಚೀಲದಿಂದ ಸೋರಿದ್ದು. ಆಟೊದ ತಮಿಳು ಹುಡುಗ ಸಣ್ಣ ದನಿಯಲ್ಲಿ ಕೇಳಿದ, ‘ಅಣ್ಣಾ, ಇಂಡಿಯನ್ ಇದ್ದರೆ ಅದನ್ನೇ ಕೊಡಿ.’ ತನ್ನ ದೇಶದ ನೋಟನ್ನು ಬೇಡ ಅನ್ನುವಾಗ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಅಪ್ಪಣೆಯಿಂದ ದರ ನಿಲ್ಲಿಸುವ ಹಟ ಸರಕಾರಗಳಿಗೆ ಯಾಕೆ ಬಿಡುವುದಿಲ್ಲವೋ. ಬರ್ಮಾದಲ್ಲಿ 2012ರವರೆಗೆ ಕಾಗದದ ಮೇಲೆ ಡಾಲರಿಗೆ ಸುಮಾರು ಆರು ಕ್ಯಾಟ್, ಬೀದಿಯಲ್ಲಿ ಎಂಟುನೂರರ ಹತ್ತಿರ. ಹಾಲಿಗೆ ದೊರೆತದ್ದು ಇದಕ್ಕಿಂತ ಮರ್ಯಾದೆಯ ಸಾವು. ಹೈದರಾಬಾದಿನಲ್ಲಿ ಭಾರತದ ಪೊಲೀಸ್ ಕಾರ್ಯಾಚರಣೆಯಾದ ಮೇಲೆ 1950ರಲ್ಲಿ ಅದೇ ಹಳೆಯ ಆರಕ್ಕೆ ಏಳರ ದರದಲ್ಲಿ ಭಾರತದ ರೂಪಾಯಿ ಅದರ ಪಕ್ಕ ಬಂದು ಕೂತಿತು. ಮರುವರ್ಷ ಹೊಸ ಹಾಲಿ ನಿಂತಿತು. ಚಲಾವಣೆಯಿಂದ ಪೂರ್ತಿ ಹೋದದ್ದು 1959ರಲ್ಲಿ. ನಡುವೆ ಎರಡೂ ಸೀಮೆ ಮೈಸೂರು ರಾಜ್ಯದಲ್ಲಿ ಒಂದಾದವು, 1957ರಲ್ಲಿ ನಯಾಪೈಸೆ ಬಂತು. ಆಣೆ, ಹಾಲಿ, ನಯಾಪೈಸೆ ಮೂರನ್ನೂ ಏಕಕಾಲಕ್ಕೆ ಎಣಿಸಿದ ಆ ಮುದುಕರಿಗೆ ಯಾವ ಪದವಿ ಕೊಟ್ಟರೂ ಸಾಲದು.

ಕೊಲಂಬೊದಿಂದ ಬಂದ ಮೇಲೆ ಊರಲ್ಲಿ ನಾನು ಈ ವಿಷಯದ ಪಂಡಿತನಾಗಿದ್ದೇನೆ. ಪಶುಪತಿನಾಥಕ್ಕೆ ಹೊರಟ ಕಾಕಾ ಎಷ್ಟು ರೊಕ್ಕ ಒಯ್ಯಬೇಕೆಂದು ಕೇಳಲು ಬಂದರು. ನೇಪಾಳದ ದರ ಗಟ್ಟಿ, 1993ರಿಂದ ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ತೊಡಕು ಬೇರೆ: ನೂರಕ್ಕಿಂತ ದೊಡ್ಡ ಭಾರತದ ನೋಟನ್ನು ಅಲ್ಲಿ 2018ರ ಡಿಸೆಂಬರಿನಲ್ಲಿ ನಿಷೇಧಿಸಿದ್ದರು. ‘ನಮ್ಮ ಐದನೂರು ನಮ್ಮ ದೇವರ ಕಡೆಗೂ ನಡಿಯಂಗಿಲ್ಲೇನು?’ ಎಂದು ಕಾಕಾ ರೇಗಿದರು. ನೂರರ ಕಟ್ಟು ಮಾಡಿಕೊಳ್ಳಿರಿ ಅಂದೆ. ಬ್ಯಾಂಕಿನಲ್ಲಿ ಎರಡು ಕಟ್ಟು ಸಿಕ್ಕವಂತೆ. ಉಳಿದದ್ದಕ್ಕೆ ಗಜೇಂದ್ರಗಡದ ಪೇಟೆಯೆಲ್ಲ ಸುತ್ತಿದರು. ಕೊನೆಗೆ ಪಾನ್ ಅಂಗಡಿಯ ಹುಡುಗನೊಬ್ಬ ಕೊಡುತ್ತೇನೆಂದ, ನೂರಕ್ಕೆ ಎರಡು ರೂಪಾಯಿ ವಟ್ಟ ಹಿಡಿದು.